ಸೋಲಾರ್ ಮಾದರಿಗಳನ್ನು ಬಿಸಿಲಿಗೆ ಬಿಡಿ

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನ ಶುರುವಾಯಿತೆಂದರೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೊಗಳು ಬರುತ್ತವೆ. ಜ್ವಾಲಾಮುಖಿ, ಮಳೆ ನೀರು ಕೊಯ್ಲು, ಕಿಡ್ನಿಯ ಥರ್ಮೋಕೋಲ್ ಮಾದರಿ, ಅದರ ಪಕ್ಕದಲ್ಲಿ ಈಗೀಗ ಒಂದಾದರೂ ಸೋಲಾರ್ ರೋಬೋಟ್ ಇದ್ದೇ ಇರುತ್ತದೆ. ನೋಡಿ ಖುಷಿಯಾಗುತ್ತದೆ. ಆದರೆ ಫೋಟೊದಲ್ಲಿರುವ ಆ ರೋಬೋಟ್‌ಗಳಲ್ಲಿ ಎಷ್ಟೋ ಆ ಹೊತ್ತಿನಲ್ಲಿ ಓಡುತ್ತಿರುವುದಿಲ್ಲ. ಇದು ನನಗೆ ಗೊತ್ತು, ಯಾಕೆಂದರೆ ಮಾರನೇ ದಿನ ಅವು ನನ್ನ ಅಂಗಡಿಗೆ ಬರುತ್ತವೆ.

ನಾನು ದಾವಣಗೆರೆಯಲ್ಲಿ ಮಿಕ್ಸಿ, ಟಿವಿ, ಎಮರ್ಜೆನ್ಸಿ ಲೈಟ್ ರಿಪೇರಿ ಮಾಡುವವನು. ಮಕ್ಕಳು ಕಿಟ್ ತಂದು "ಅಂಕಲ್, ಇದು ಕೆಟ್ಟಿದೆ" ಅನ್ನುತ್ತಾರೆ. ಬಹುಪಾಲು ಏನೂ ಕೆಟ್ಟಿರುವುದಿಲ್ಲ. ಪ್ಯಾನೆಲ್ ಆರಿಸಿದ್ದು ತಪ್ಪಾಗಿರುತ್ತದೆ, ಇಲ್ಲವೇ ಸರಿಯಾದ ಪ್ಯಾನೆಲನ್ನು ಬೆಳಕಿಲ್ಲದ ಕಡೆ ಇಟ್ಟಿರುತ್ತಾರೆ. ಇದನ್ನು ಮಕ್ಕಳಿಗೆ, ಮೇಷ್ಟ್ರುಗಳಿಗೆ, ಪ್ರದರ್ಶನ ನಡೆಸುವವರಿಗೆ ಒಮ್ಮೆ ಬಿಡಿಸಿ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ದಯವಿಟ್ಟು ಕತ್ತರಿಸಬೇಡಿ.

ಕಳೆದ ವರ್ಷ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಬಂದಳು. ರಟ್ಟು, ಐಸ್‌ಕ್ರೀಮ್ ಕಡ್ಡಿ, ಎರಡು ಚಕ್ರ, ಆಟಿಕೆಗಳಲ್ಲಿ ಬರುತ್ತದಲ್ಲ ಹಳದಿ ಪ್ಲಾಸ್ಟಿಕ್ಕಿನ ಗೇರ್ ಮೋಟರ್, ಅದು. ಎಲ್ಲಾ ಅಚ್ಚುಕಟ್ಟಾಗಿ ಕೂಡಿಸಿದ್ದಳು. ಯಾವ ಪ್ಯಾನೆಲ್ ಹಾಕಲಿ ಎಂದು ಕೇಳಿದಳು. ಕೆಲಸದ ಗಡಿಬಿಡಿಯಲ್ಲಿ ನಾನು "ಒಂಬತ್ತು ವೋಲ್ಟಿನದು ಹಾಕಮ್ಮ, ಜೋರಾಗಿ ಓಡುತ್ತೆ" ಎಂದುಬಿಟ್ಟೆ. ಅದು ತಪ್ಪು. ಪ್ಯಾನೆಲ್ ತಂದಳು, ಜೋಡಿಸಿದೆವು, ಬಿಸಿಲಿಗೆ ಇಟ್ಟೆವು, ಮೋಟರ್ ಒಂದು ಸಲ ಗುರ್ ಅಂತು, ಅಷ್ಟೇ. ಮೀಟರ್ ಹಿಡಿದರೆ ಖಾಲಿ ಪ್ಯಾನೆಲ್ ಹತ್ತು ವೋಲ್ಟಿನ ಮೇಲೆ ತೋರಿಸುತ್ತದೆ, ಮೋಟರ್ ಕೊಟ್ಟ ಕೂಡಲೇ ಒಂದು ವೋಲ್ಟಿಗಿಂತ ಕೆಳಗೆ ಬೀಳುತ್ತದೆ.

ಯಾಕೆ ಹೀಗೆ ಅಂದರೆ, ಪ್ಯಾನೆಲ್ ಒಳಗೆ ಬೆಳಕನ್ನು ವಿದ್ಯುತ್ ಮಾಡುವ ಸಿಲಿಕಾನ್ ಸೆಲ್ ಒಂದು ಎಷ್ಟೇ ದೊಡ್ಡದಿರಲಿ ಚಿಕ್ಕದಿರಲಿ, ಕೊಡುವುದು ಅರ್ಧ ವೋಲ್ಟ್ ಆಸುಪಾಸು. ಅಂಗೈ ಅಗಲದ್ದೂ ಅಷ್ಟೇ, ಉಗುರಿನಷ್ಟರ ಚೂರೂ ಅಷ್ಟೇ. ಅಗಲ ಹೆಚ್ಚಾದರೆ ಹೆಚ್ಚುವುದು ಕರೆಂಟ್. ವೋಲ್ಟ್ ಎಂದರೆ ನೂಕುವ ಒತ್ತಡ, ಕರೆಂಟ್ ಎಂದರೆ ಎಷ್ಟು ಹರಿಯುತ್ತದೆ ಎಂಬುದು. ಒಳ್ಳೆಯ ಸೆಲ್ ಆದರೆ ನೆತ್ತಿ ಬಿಸಿಲಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 30 ಮಿಲಿಆಂಪ್. ಹಾಗಾಗಿ ಪ್ಯಾನೆಲ್ ಮಾಡುವವರು ಏನು ಮಾಡುತ್ತಾರೆ, ದೊಡ್ಡ ಸೆಲ್ಲನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸುತ್ತಾರೆ. ಹನ್ನೆರಡು ಪಟ್ಟಿಯಾದರೆ 6 ವೋಲ್ಟ್, ಹದಿನೆಂಟಾದರೆ 9 ವೋಲ್ಟ್. ಅಗಲ ಅಷ್ಟೇ ಇಟ್ಟು ಪಟ್ಟಿ ಜಾಸ್ತಿ ಮಾಡಿದರೆ ಒಂದೊಂದು ಪಟ್ಟಿ ಸಣ್ಣದಾಗುತ್ತದೆ, ಕರೆಂಟ್ ಇಳಿಯುತ್ತದೆ. ಅಂಗೈ ಅಗಲದ ಒಂದೇ ಅಳತೆಯಲ್ಲಿ 9 ವೋಲ್ಟಿಗೆ 65 ಮಿಲಿಆಂಪ್ ಬರುವ ಕಡೆ 6 ವೋಲ್ಟಿಗೆ 100 ಬರುತ್ತದೆ, 3 ವೋಲ್ಟಿಗೆ 200 ಬರುತ್ತದೆ. ಒಟ್ಟು ವಾಟ್ ಒಂದೇ. ಆ ಹಳದಿ ಮೋಟರ್ 3 ವೋಲ್ಟಿನಲ್ಲೇ ತಿರುಗುತ್ತದೆ, ಆದರೆ ಸುಮ್ನೆ ಖಾಲಿ ತಿರುಗುವುದಕ್ಕೇ ನೂರರ ಆಸುಪಾಸು ಮಿಲಿಆಂಪ್ ಬೇಕು, ನಿಂತಲ್ಲಿಂದ ಹೊರಡುವ ಗಳಿಗೆಯಲ್ಲಂತೂ ಅದರ ಹಲವು ಪಟ್ಟು ಬೇಕು. ಅದಕ್ಕೆ 9 ವೋಲ್ಟಿನ ಪ್ಯಾನೆಲ್ ಕೊಡುವುದು ಎಂದರೆ ಗದ್ದೆಗೆ ಎತ್ತರದ ಟ್ಯಾಂಕಿನಿಂದ ಸೂಜಿ ತೂತಿನಲ್ಲಿ ನೀರು ಬಿಟ್ಟ ಹಾಗೆ.

ಮಾರನೇ ದಿನ ಅಷ್ಟೇ ಅಗಲದ 3 ವೋಲ್ಟಿನ ಪ್ಯಾನೆಲ್ ಹಾಕಿದೆವು. ಅಂಗಡಿ ಮುಂದಿನ ರಸ್ತೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಬಿಟ್ಟರೆ, ಚಕ್ರಕ್ಕೆ ಬೆರಳಿನಿಂದ ಒಂಚೂರು ತಳ್ಳು ಕೊಟ್ಟಿದ್ದೇ ತಡ, ಎದುರಿನ ಕಿರಾಣಿ ಅಂಗಡಿ ಮೆಟ್ಟಿಲವರೆಗೂ ಹೋಯಿತು.

ಪ್ಯಾನೆಲ್ ಕೊಳ್ಳುವಾಗ ಇನ್ನೊಂದು ಲೆಕ್ಕ ಎಲ್ಲರಿಗೂ ಬಾಯಲ್ಲಿರಬೇಕು. ನೆತ್ತಿ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವಾಟ್. ಅಂದರೆ ಒಂದು ಚದರ ಸೆಂಟಿಮೀಟರಿಗೆ 0.1 ವಾಟ್. 7 ಸೆಂಟಿಮೀಟರ್ ಉದ್ದ, 7 ಅಗಲದ ಪ್ಯಾನೆಲ್ ಮೇಲೆ ಬೀಳುವ ಬಿಸಿಲೇ 4.9 ವಾಟ್. ಅದರಲ್ಲಿ ಕರೆಂಟಾಗಿ ಬರುವುದು ಸಣ್ಣ ಪ್ಯಾನೆಲ್‌ಗಳಲ್ಲಿ ಹನ್ನೆರಡರಿಂದ ಹದಿನೆಂಟು ಪರ್ಸೆಂಟ್ ಆದರೆ ಚೆನ್ನಾಗಿಯೇ ಇದೆ ಎನ್ನಬೇಕು. ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಸಾಮಾನ್ಯ ಸಿಲಿಕಾನ್ ಸೆಲ್ ಮುಟ್ಟಿರುವ ದಾಖಲೆಯೇ 27 ಪರ್ಸೆಂಟ್ ಚಿಲ್ಲರೆ. ಹೀಗಿರುವಾಗ 5 ಸೆಂಟಿಮೀಟರ್ ಚೌಕದ ಪ್ಯಾನೆಲ್‌ಗೆ 1.5 ವಾಟ್ ಎಂದು ಚೀಟಿ ಅಂಟಿಸಿ ಮಾರುವುದನ್ನು ನಾನೇ ನೋಡಿದ್ದೇನೆ. ಅದರ ಮೇಲೆ ಬೀಳುವ ಬಿಸಿಲೇ 2.5 ವಾಟ್, ಅದರಲ್ಲಿ ಅರವತ್ತು ಪರ್ಸೆಂಟ್ ಕರೆಂಟಾಗಬೇಕು, ಅದು ಆಗದ ಮಾತು. ಮಕ್ಕಳು ಒಂದು ಸ್ಕೇಲ್ ಜೇಬಿನಲ್ಲಿಟ್ಟುಕೊಂಡು ಹೋದರೆ ಸಾಕು, ಅಂಗಡಿಯಲ್ಲೇ ಈ ಮೋಸ ಗೊತ್ತಾಗುತ್ತದೆ.

ಇಷ್ಟೆಲ್ಲಾ ಆದ ಮೇಲೆ ಆ ಹುಡುಗಿ ಪ್ರದರ್ಶನಕ್ಕೆ ಹೋದಳು. ಮಾರನೇ ದಿನ ಬಂದು ರೋಬೋಟನ್ನು ಟೇಬಲ್ ಮೇಲೆ ಇಟ್ಟಳು. "ಅಂಕಲ್, ಒಂದು ಗೇಣೂ ಹೋಗಲಿಲ್ಲ." ಹೊರಗೆ ತಂದು ರಸ್ತೆಯಲ್ಲಿ ಇಟ್ಟೆವು, ಓಡಿತು. "ಎಲ್ಲಿ ಇಟ್ಟಿದ್ದರಮ್ಮ?" ಎಂದೆ. ಸಭಾಂಗಣದ ಒಳಗೆ, ಕಿಟಕಿಗೆ ಪರದೆ ಹಾಕಿ, ಟ್ಯೂಬ್‌ಲೈಟ್ ಕೆಳಗೆ. ಹೊರಗೆ ತೆಗೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಕೇಳಿದ್ದಾಳೆ, ಜಾಗ ಬಿಟ್ಟು ಏಳಬಾರದು ಎಂದಿದ್ದಾರೆ. ತೀರ್ಪುಗಾರರು "ವರ್ಕಿಂಗ್ ಮಾಡೆಲ್ ಅಲ್ಲ" ಎಂದು ಬರೆದುಕೊಂಡು ಮುಂದಿನ ಟೇಬಲ್‌ಗೆ ಹೋಗಿದ್ದಾರೆ.

ನನಗೆ ಇದು ಮನಸ್ಸಿನಿಂದ ಹೋಗಲಿಲ್ಲ. ಮುಂದಿನ ವಾರ ಒಂದು ಮದುವೆಗೆ ಹೋಗಿದ್ದಾಗ ಅದೇ ಥರದ ಪ್ಯಾನೆಲ್ ಮತ್ತು ಮೀಟರ್ ಒಯ್ದಿದ್ದೆ. ಕಲ್ಯಾಣ ಮಂಟಪ ಝಗಮಗ ಅನ್ನುತ್ತಿತ್ತು, ಕಣ್ಣಿಗೆ ಹಗಲಿನಷ್ಟೇ ಬೆಳಕು. ಊಟದ ಹಾಲ್‌ನಲ್ಲಿ ಒಂದು ಮೂಲೆಗೆ ಹೋಗಿ ಹಿಡಿದೆ. ರಸ್ತೆಯಲ್ಲಿ 200 ಮಿಲಿಆಂಪ್ ತೋರಿಸುವ ಪ್ಯಾನೆಲ್ ಅಲ್ಲಿ ಅರ್ಧ ಮಿಲಿಆಂಪ್ ಕೂಡ ತೋರಿಸಲಿಲ್ಲ. ನಮ್ಮ ಕಣ್ಣು ಇಲ್ಲಿ ಮೋಸ ಹೋಗುತ್ತದೆ, ಎಷ್ಟು ಕಡಿಮೆ ಬೆಳಕಿಗೂ ಹೊಂದಿಕೊಂಡುಬಿಡುತ್ತದೆ. ಬೆಳಕು ಅಳೆಯುವ ಲಕ್ಸ್ ಲೆಕ್ಕದಲ್ಲಿ ನೆತ್ತಿ ಬಿಸಿಲು ಒಂದು ಲಕ್ಷದಷ್ಟು, ಟ್ಯೂಬ್‌ಲೈಟ್ ಹಾಕಿದ ಕೋಣೆ ಮುನ್ನೂರು, ಹೆಚ್ಚೆಂದರೆ ಐನೂರು. ಇನ್ನೂರು ಮುನ್ನೂರು ಪಟ್ಟು ಕಡಿಮೆ! ಇದರ ಜೊತೆಗೆ ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಕೆಂಪಾಚೆಯ ಕಿರಣವೂ ಇರುತ್ತದೆ, ಸಿಲಿಕಾನ್ ಸೆಲ್ ಅದನ್ನೂ ತಿನ್ನುತ್ತದೆ. ಎಲ್‌ಇಡಿ ದೀಪದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಲೆಕ್ಕಕ್ಕಿಂತಲೂ ಕಡಿಮೆ ಬರುತ್ತದೆ.

ಹಾಗಾದರೆ ಕ್ಯಾಲ್ಕ್ಯುಲೇಟರ್ ಮನೆಯೊಳಗೆ ಹೇಗೆ ನಡೆಯುತ್ತದೆ ಎಂದು ಮಕ್ಕಳು ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. ಅದಕ್ಕೆ ಬೇಕಾಗುವ ಕರೆಂಟ್ ಮೈಕ್ರೋಆಂಪ್ ಲೆಕ್ಕದಲ್ಲಿ, ಮಿಲಿಆಂಪಿಗಿಂತ ಸಾವಿರ ಪಟ್ಟು ಸಣ್ಣದು. ಅದರಲ್ಲಿರುವ ಸೆಲ್ ಕೂಡ ಬೇರೆ ಜಾತಿ. ಗಾಜಿನ ಮೇಲೆ ಕಂದು ಬಣ್ಣದ ತೆಳು ಲೇಪ, ನಡುವೆ ಗೆರೆ ಗೆರೆ, ಅದಕ್ಕೆ ಅಮಾರ್ಫಸ್ ಎನ್ನುತ್ತಾರೆ. ಮಂದ ಬೆಳಕಿನಲ್ಲೂ ಅದರ ವೋಲ್ಟೇಜ್ ಅಷ್ಟಾಗಿ ಕುಸಿಯುವುದಿಲ್ಲ, ಆದರೆ ಬಿಸಿಲಿಗೆ ತಂದರೆ ಅದೇ ಅಗಲದ ಕಪ್ಪು ಸೆಲ್ಲಿನ ಅರ್ಧದಷ್ಟೂ ಕೊಡುವುದಿಲ್ಲ. ಕಪ್ಪಗೆ ಒಂದೇ ಬಣ್ಣ ಇರುವುದು ಮೋನೊ. ನೀಲಿ, ಒಡೆದ ಗಾಜಿನ ಚೂರು ಜೋಡಿಸಿದ ಹಾಗೆ ಕಾಣುವುದು ಪಾಲಿ. ಓಡುವ ರೋಬೋಟಿಗೆ ಇವೆರಡರಲ್ಲಿ ಒಂದು, ನನ್ನನ್ನು ಕೇಳಿದರೆ ಮೋನೊ, ಯಾಕೆಂದರೆ ಸಣ್ಣ ರೋಬೋಟಿನ ಬೆನ್ನ ಮೇಲೆ ಜಾಗವೇ ಕಡಿಮೆ. ಬಿಡಿ ಸೆಲ್ ಅಗ್ಗ, ಆದರೆ ಹಪ್ಪಳಕ್ಕಿಂತ ತೆಳು, ಬೆಸುಗೆ ಹಾಕುವಾಗ ಕೈ ಒತ್ತಿದರೆ ಚೂರು. ಮೊದಲ ಸಲ ಮಾಡುವ ಮಕ್ಕಳು ಎಪಾಕ್ಸಿ ಎಂಬ ಗಟ್ಟಿ ಪಾರದರ್ಶಕ ಅಂಟು ಹೊದಿಸಿದ ಸಣ್ಣ ಪ್ಯಾನೆಲನ್ನೇ ತೆಗೆದುಕೊಳ್ಳಲಿ. ಅದು ವರ್ಷಗಟ್ಟಲೆ ಬಿಸಿಲಿಗೆ ಹಳದಿಯಾಗುತ್ತದೆ, ಪ್ರದರ್ಶನದ ರೋಬೋಟಿಗೆ ಅದು ದೊಡ್ಡ ವಿಷಯವಲ್ಲ. ಒಡೆದ ಸೆಲ್ಲನ್ನು ಎಸೆಯಬೇಡಿ, ಚೂರಿಗೂ ಅರ್ಧ ವೋಲ್ಟ್ ಇದೆ.

ಪ್ಯಾನೆಲ್ ಪರೀಕ್ಷೆ ಮಾಡುವುದು ಹೇಗೆ? ಖಾಲಿ ವೋಲ್ಟೇಜ್ ನೋಡಿ ಯಾರೂ ನಂಬಬೇಡಿ. ಅದು ಮೋಡದಲ್ಲೂ ಹೆಚ್ಚುಕಡಿಮೆ ಪೂರ್ತಿ ತೋರಿಸುತ್ತದೆ. ಲೋಡ್, ಅಂದರೆ ಕರೆಂಟ್ ಎಳೆಯುವ ಏನಾದರೊಂದನ್ನು, ಹಾಕಿ ನೋಡಬೇಕು. 6 ವೋಲ್ಟ್ 100 ಮಿಲಿಆಂಪ್ ಎಂದು ಬರೆದಿದ್ದರೆ 56 ಓಮ್, ಒಂದು ವಾಟಿನ ರೆಸಿಸ್ಟರ್ ಅಡ್ಡ ಹಾಕಿ, ಮಟಮಟ ಮಧ್ಯಾಹ್ನ ಸೂರ್ಯನಿಗೆ ನೇರ ಹಿಡಿದು ಮೀಟರ್ ನೋಡಿ. ಐದೂವರೆ ವೋಲ್ಟ್ ಹತ್ತಿರ ನಿಂತರೆ ಮಾಲು ನಿಜ. ಮೂರಕ್ಕೆ ಇಳಿದರೆ ಚೀಟಿ ಸುಳ್ಳು. ರೆಸಿಸ್ಟರ್‌ಗೆ ಎರಡೋ ಮೂರೋ ರೂಪಾಯಿ. ಎಷ್ಟೋ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ, 6ರಿಂದ 12ನೇ ಕ್ಲಾಸಿನ ಮಕ್ಕಳಿಗೆಂದೇ ಮಾಡಿರುವುದು, ಮೀಟರ್ ಅಲ್ಲೇ ಇರುತ್ತದೆ. ಬೀರುವಿನಲ್ಲಿಟ್ಟು ಬೀಗ ಹಾಕದೆ ದಯವಿಟ್ಟು ಮಕ್ಕಳ ಕೈಗೆ ಕೊಡಿ.

ನಮ್ಮ ಕಡೆ ಬಿಸಿಲಿಗೇನು ಕಡಿಮೆ ಅನ್ನುವವರಿಗೂ ಒಂದು ಮಾತು. ಬೆಳಕು ಬೇರೆ, ಕಾವು ಬೇರೆ. ಸೆಲ್ಲಿಗೆ ಬೇಕಾಗಿರುವುದು ಬೆಳಕು. ಪ್ಯಾನೆಲ್ ಬಿಸಿಯಾದಂತೆ ಒಂದೊಂದು ಸೆಲ್ಲೂ ಒಂದೊಂದು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಕಳೆದುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ದಾವಣಗೆರೆಯ ಸಿಮೆಂಟ್ ನೆಲದ ಮೇಲೆ ಬಿಟ್ಟ ಪ್ಯಾನೆಲ್ 60 ಡಿಗ್ರಿ ಮುಟ್ಟುವುದು ಕಷ್ಟವೇನಲ್ಲ. ಚೀಟಿಯಲ್ಲಿ ಬರೆದಿರುವುದು 25 ಡಿಗ್ರಿಯ ಲೆಕ್ಕ. ಹನ್ನೆರಡು ಸೆಲ್ಲಿನ ಪ್ಯಾನೆಲ್‌ನಲ್ಲಿ ಮುಕ್ಕಾಲು ವೋಲ್ಟಿಗಿಂತ ಜಾಸ್ತಿ ಹೀಗೇ ಹೋಗುತ್ತದೆ. ಡಿಸೆಂಬರ್‌ನ ತಂಪು ಹೊತ್ತು ಇನ್ನೂ ಒಳ್ಳೆಯದು, ಆದರೆ ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನಟ್ಟ ಮಧ್ಯಾಹ್ನದಲ್ಲೂ ನೆತ್ತಿಗೆ ಬರುವುದಿಲ್ಲ. ಪ್ಯಾನೆಲನ್ನು ರೋಬೋಟಿನ ಬೆನ್ನ ಮೇಲೆ ಚಪ್ಪಟೆ ಮಲಗಿಸಿದರೆ ಐದರಲ್ಲಿ ಒಂದು ಪಾಲು ನಷ್ಟ. ದಕ್ಷಿಣಕ್ಕೆ ಓರೆ ಮಾಡಿ ನಿಲ್ಲಿಸಿದರೆ ಆ ಪಾಲು ವಾಪಸ್ ಬರುತ್ತದೆ, ಆದರೆ ರೋಬೋಟ್ ತಿರುಗಿದರೆ ಪ್ಯಾನೆಲ್ಲೂ ತಿರುಗುತ್ತದೆ, ಆದ್ದರಿಂದ ನೇರ ಓಡುವ ಗಾಡಿಗಾದರೆ ಓರೆ, ಸುತ್ತುವ ಗಾಡಿಗಾದರೆ ಚಪ್ಪಟೆ. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವಿಗೆ ನಮ್ಮಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ, ಆಗ ಈ ತಾಪತ್ರಯ ಇಲ್ಲ.

ನೆರಳಿನ ವಿಷಯವನ್ನಂತೂ ಮಕ್ಕಳಿಗೆ ಕಣ್ಣಾರೆ ತೋರಿಸಬೇಕು. ಒಂದು ಪಟ್ಟಿಯ ಮೇಲೆ ಬೆರಳಿಟ್ಟರೆ ಇಡೀ ಪ್ಯಾನೆಲ್ ಸತ್ತಂತಾಗುತ್ತದೆ, ಯಾಕೆಂದರೆ ಎಲ್ಲಾ ಪಟ್ಟಿಗಳೂ ಒಂದರ ಹಿಂದೆ ಒಂದು ಕೈ ಹಿಡಿದು ನಿಂತಿವೆ. ಮಕ್ಕಳು ಪ್ರೀತಿಯಿಂದ ರೋಬೋಟ್ ಮೇಲೆ ಪುಟ್ಟ ಬಾವುಟ ನೆಡುತ್ತಾರೆ, ಆ ಬಾವುಟದ ನೆರಳು ಪ್ಯಾನೆಲ್ ಮೇಲೆ ಬೀಳುತ್ತದೆ, ಗಾಡಿ ನಿಲ್ಲುತ್ತದೆ. ಬಾವುಟ ಇರಲಿ, ಸೂರ್ಯ ದಕ್ಷಿಣಕ್ಕೆ ವಾಲಿರುವ ಕಾಲದಲ್ಲಿ ಉತ್ತರದ ತುದಿಗೆ ನೆಡಿ. ಧೂಳೂ ಹಾಗೆಯೇ. ನಮ್ಮ ಮಂಡಕ್ಕಿ ಭಟ್ಟಿಗಳ ಹತ್ತಿರ ಮನೆ ಇರುವವರಿಗೆ ಗೊತ್ತು, ಮಹಡಿ ಮೇಲೆ ಒಂದು ವಾರ ಏನಾದರೂ ಬಿಟ್ಟರೆ ಮಸಿ ಕೂರುತ್ತದೆ. ಒದ್ದೆ ಬಟ್ಟೆಯಿಂದ ಮೆತ್ತಗೆ ಒರೆಸಿದರೆ ಸಾಕು.

ಈಗ ಸಭಾಂಗಣದ ಒಳಗೇ ಓಡಿಸಬೇಕು ಎಂದರೆ ದಾರಿಯೇ ಇಲ್ಲವೇ? ಇದೆ, ಮತ್ತು ನನಗೆ ಬಹಳ ಇಷ್ಟವಾದದ್ದು ಅದೇ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಟಿಲ್ಡನ್ ಎಂಬುವರು 1989ರ ಆಸುಪಾಸಿನಲ್ಲಿ ಹಳೆ ಟೇಪ್‌ರೆಕಾರ್ಡರ್, ವಾಕ್‌ಮನ್ ಥರದ ಗುಜರಿ ಸಾಮಾನಿನಿಂದ ಪುಟ್ಟ ಪುಟ್ಟ ಸೋಲಾರ್ ರೋಬೋಟ್ ಮಾಡುವ ಒಂದು ದಾರಿ ಶುರು ಮಾಡಿದರು, ಅದಕ್ಕೆ ಬೀಮ್ ರೋಬೋಟಿಕ್ಸ್ ಎಂದು ಹೆಸರು. ಕಂಪ್ಯೂಟರ್ ಚಿಪ್ ಇಲ್ಲ, ಪ್ರೋಗ್ರಾಂ ಇಲ್ಲ. ಅದರಲ್ಲಿ ಪ್ಯಾನೆಲ್ ನೇರ ಮೋಟರಿಗೆ ಹೋಗುವುದಿಲ್ಲ. ಮೊದಲು ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕೆಪಾಸಿಟರ್ ತುಂಬುತ್ತದೆ, ಹನಿ ಹನಿಯಾಗಿ. ಒಂದು ಮಟ್ಟ ಮುಟ್ಟಿದ ಕೂಡಲೇ ಸಣ್ಣ ಸರ್ಕ್ಯೂಟ್ ಒಂದು ಬಾಗಿಲು ತೆಗೆದು ತುಂಬಿದ್ದನ್ನೆಲ್ಲಾ ಒಂದೇ ಸಲ ಮೋಟರಿಗೆ ಸುರಿಯುತ್ತದೆ. ಗಾಡಿ ಟಣ್ ಅಂತ ಮುಂದೆ ಜಿಗಿಯುತ್ತದೆ, ನಿಲ್ಲುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ಇದಕ್ಕೆ ಸೋಲಾರ್ ಎಂಜಿನ್ ಎನ್ನುತ್ತಾರೆ. ಎರಡು ಟ್ರಾನ್ಸಿಸ್ಟರ್, ತಾನಾಗಿ ಮಿನುಗುವ ಒಂದು ಎಲ್‌ಇಡಿ, ಒಂದು ರೆಸಿಸ್ಟರ್, 4700 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಇದ್ದರೆ ಕಲಿಯುವುದಕ್ಕೆ ಒಂದು ಎಂಜಿನ್ ಆಗುತ್ತದೆ. ಮಂದ ಬೆಳಕಿಗೆ ಮಾತ್ರ ಆ ಎಲ್‌ಇಡಿ ಬೇಡ, ಬರುವ ಚೂರುಪಾರು ಕರೆಂಟನ್ನು ಅದೇ ಕುಡಿದುಬಿಡುತ್ತದೆ. ಅಲ್ಲಿ ವೋಲ್ಟೇಜ್ ಮಟ್ಟ ಮುಟ್ಟಿತೇ ಎಂದು ಮಾತ್ರ ನೋಡುವ ಪುಟ್ಟ ಬಿಡಿಭಾಗ, ವೋಲ್ಟೇಜ್ ಡಿಟೆಕ್ಟರ್ ಐಸಿ, ಹಾಕಬೇಕು, ಅದು ತಿನ್ನುವುದು ಮೈಕ್ರೋಆಂಪ್ ಲೆಕ್ಕದಲ್ಲಿ.

ಆ ಹುಡುಗಿಯ ಜೊತೆ ಕೂತು ಇದನ್ನು ಮಾಡಿದೆವು. ಹಳದಿ ಮೋಟರ್ ಬಿಟ್ಟು, ಹಳೆ ಸಿಡಿ ಡ್ರೈವ್‌ನಿಂದ ತೆಗೆದ ಹಗುರ ಮೋಟರ್ ಹಾಕಿದೆವು. ಪ್ಯಾನೆಲ್ ಯಾವುದು ಹಾಕಿದೆವು ಗೊತ್ತೇ? ಮೊದಲು ನಾನು ತಪ್ಪಾಗಿ ಕೊಡಿಸಿದ್ದ ಆ 9 ವೋಲ್ಟಿನದೇ! ಕೆಪಾಸಿಟರ್ ತುಂಬುವುದಕ್ಕೆ ಕರೆಂಟ್ ಕಡಿಮೆ ಇದ್ದರೂ ನಡೆಯುತ್ತದೆ, ತಡವಾಗುತ್ತದೆ ಅಷ್ಟೇ. ಆದರೆ ಮಂದ ಬೆಳಕಿನಲ್ಲಿ ಒಂದೊಂದು ಸೆಲ್ಲಿನ ವೋಲ್ಟೇಜೂ ಇಳಿದಿರುತ್ತದೆ, ಆಗ ಹದಿನೆಂಟು ಸೆಲ್ ಸೇರಿದರೇನೇ ಬೇಕಾದ ಮಟ್ಟ ಮುಟ್ಟುವುದು. ಅಂಗಡಿಯೊಳಗೆ ಟ್ಯೂಬ್‌ಲೈಟ್ ಕೆಳಗೆ ಸುಮಾರು ನಿಮಿಷಕ್ಕೊಂದು ಸಲ ಎರಡು ಬೆರಳಿನಷ್ಟು ಜಿಗಿಯಿತು. ಅವಳು ಗಡಿಯಾರ ನೋಡಿಕೊಂಡು ಎಣಿಸುತ್ತಾ ಕೂತಿದ್ದಳು. ಕಿಟಕಿ ಹತ್ತಿರ ಸರಿಸಿದಂತೆ ಜಿಗಿತ ಬೇಗ ಬೇಗ ಆಗುತ್ತಾ ಹೋಯಿತು. ಬೆಳಕು ಎಂದರೇನು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕೆಪಾಸಿಟರ್ ಬದಲು ಹಳೆ ಮೊಬೈಲಿನ ಲಿಥಿಯಂ ಬ್ಯಾಟರಿಯನ್ನು ಪ್ಯಾನೆಲಿಗೆ ನೇರ ಜೋಡಿಸುವ ಮಕ್ಕಳಿದ್ದಾರೆ. ಬೇಡ. 4.2 ವೋಲ್ಟ್ ದಾಟಿದರೆ ಅದು ಊದುತ್ತದೆ, ಬೆಂಕಿಯೂ ಹತ್ತಬಹುದು. ಅದಕ್ಕೆಂದೇ ಇರುವ ಚಾರ್ಜಿಂಗ್ ಬೋರ್ಡ್ ನಡುವೆ ಇರಲೇಬೇಕು. ಸೂಪರ್ ಕೆಪಾಸಿಟರ್ ಎಂದು ಮಾರುವ ನಾಣ್ಯದಂಥ 5.5 ವೋಲ್ಟಿನದು ಕೂಡ ಮೋಟರಿಗೆ ಆಗಿಬರುವುದಿಲ್ಲ, ಗಡಿಯಾರದ ಚಿಪ್ಪಿಗೆ ಮಾಡಿದ್ದು ಅದು, ಒಳಗಿನ ತಡೆ ಜಾಸ್ತಿ, ಮೋಟರಿಗೆ ಬೇಕಾದ ಕರೆಂಟನ್ನು ಒಟ್ಟಿಗೆ ಬಿಡುವುದಿಲ್ಲ.

ಚಂದ್ರಯಾನದ ಲ್ಯಾಂಡರಿನ ಸೆನ್ಸರ್ ಪರೀಕ್ಷೆಗೆ ಚಂದ್ರನ ಕುಳಿಗಳ ಹಾಗೆ ಗುಂಡಿ ತೋಡಿದ್ದು ನಮ್ಮ ಪಕ್ಕದಲ್ಲೇ, ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಈ ಭಾಗದ ಮಕ್ಕಳು ಎಷ್ಟು ಕುಣಿದರು ಅಲ್ವಾ. ಚಂದ್ರನ ಮೇಲೆ ಓಡಾಡಿದ ಪ್ರಜ್ಞಾನ್ ರೋವರ್ ತೂಕ 26 ಕೆಜಿ, ಅದರ ಸೋಲಾರ್ ಪ್ಯಾನೆಲ್ ಬರೀ 50 ವಾಟ್, ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್. ಅಂದರೆ ಒಂದು ಕೆಜಿಗೆ ಸುಮಾರು ಎರಡು ವಾಟ್. ನಮ್ಮ ಹುಡುಗಿಯ ಮುನ್ನೂರು ಗ್ರಾಂ ಗಾಡಿಗೆ ಅದೇ ಲೆಕ್ಕ ಹಾಕಿದರೆ 0.6 ವಾಟ್, ಅವಳ ಪ್ಯಾನೆಲ್ ಅಷ್ಟೇ ಇತ್ತು! ಚಂದ್ರನಲ್ಲಿ ತೂಕ ಆರರಲ್ಲಿ ಒಂದು ಪಾಲು, ಬಿಸಿಲು ಇನ್ನೂ ಜೋರು, ರೋವರಿನಲ್ಲಿ ಬ್ಯಾಟರಿಯೂ ಇತ್ತು, ಹಾಗಾಗಿ ಸರಿಸಮ ಹೋಲಿಕೆ ಅಲ್ಲ. ಆದರೂ ಈ ಲೆಕ್ಕ ಹೇಳಿದಾಗ ಅವಳ ಮುಖ ನೀವು ನೋಡಬೇಕಿತ್ತು. ಅಲ್ಲೂ ಬೆಳಕು ಹೋಗುವ ಮುಂಚೆ ರೋವರನ್ನು ಮಲಗಿಸಬೇಕಾಯಿತು. ಅದನ್ನು ಯಾರೂ "ವರ್ಕಿಂಗ್ ಮಾಡೆಲ್ ಅಲ್ಲ" ಎಂದು ಬರೆಯಲಿಲ್ಲ.

ಅದಕ್ಕೇ ಪ್ರದರ್ಶನ ನಡೆಸುವವರಲ್ಲಿ ಕೇಳಿಕೊಳ್ಳುತ್ತೇನೆ. ಹೆಸರು ಬರೆದುಕೊಳ್ಳುವ ಫಾರಂನಲ್ಲಿ ಒಂದು ಸಾಲು ಸೇರಿಸಿ: ಈ ಮಾದರಿಗೆ ಬಿಸಿಲು ಬೇಕೇ? ಹೌದು ಎಂದವರಿಗೆ ಮೈದಾನದಲ್ಲಿ ನಾಲ್ಕು ಬೆಂಚು ಹಾಕಿಸಿ. ತೀರ್ಪುಗಾರರು ಅಲ್ಲಿಗೆ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರೊಳಗೆ ಬರಲಿ, ಸಂಜೆ ನಾಲ್ಕೂವರೆಗೆ ಬಂದರೆ ಪ್ರಯೋಜನ ಇಲ್ಲ. ಮೋಡವಿದ್ದರೆ ಮೀಟರ್ ಹಿಡಿದು ಮಗು ಹೇಳುವ ಲೆಕ್ಕವನ್ನಾದರೂ ಕೇಳಲಿ. ಕಿಟ್ ಮಾರುವವರು ಡಬ್ಬಿಯ ಮೇಲೆ ವೋಲ್ಟ್ ಜೊತೆಗೆ ಮಿಲಿಆಂಪನ್ನೂ, ಯಾವ ಬೆಳಕಿನಲ್ಲಿ ಅಷ್ಟು ಬರುತ್ತದೆ ಎಂಬುದನ್ನೂ ಕನ್ನಡದಲ್ಲಿ ಬರೆಯಲಿ. ಒಂದು ಸಾಲಿನ ಖರ್ಚು ಅದು.

ಆ ಹುಡುಗಿ ಈಗ ಒಂಬತ್ತನೇ ಕ್ಲಾಸು. ಈ ಸಲವೂ ಹೆಸರು ಕೊಟ್ಟಿದ್ದಾಳೆ, ಎರಡು ಗಾಡಿ ಒಯ್ಯುತ್ತಾಳಂತೆ, ಒಂದು ಒಳಗಿಡಲು, ಒಂದು ಹೊರಗೆ ಬಿಡಲು. ಹೊರಗೆ ಬಿಡಲು ಒಪ್ಪಿಗೆ ಇನ್ನೂ ಸಿಕ್ಕಿಲ್ಲ.

ಇಂತಿ,
ಒಬ್ಬ ರಿಪೇರಿ ಅಂಗಡಿಯವನು
ದಾವಣಗೆರೆ